ಭರವಸೆ ಮತ್ತು ಬೀಗ

ಬಡವನ ಸೈಕಲು ಕಳವಾದಾಗ ಅವನು ಕಳಕೊಳ್ಳುವುದು ಎರಡು ಚಕ್ರಗಳ ಒಂದು ವಾಹನವನ್ನು ಮಾತ್ರವಲ್ಲ. ಮುಂಜಾನೆ ಯಶವಂತಪುರದ ಎ.ಪಿ.ಎಂ.ಸಿ. ಯಾರ್ಡಿಗೆ ಹೊರಡುವ ಹಮಾಲಿಗೆ, ಯಲಹಂಕದ ಬೀದಿಗಳಲ್ಲಿ ಪತ್ರಿಕೆ ಹಾಕುವ ಹುಡುಗನಿಗೆ, ಹೆಬ್ಬಾಳದ ಕಟ್ಟಡವೊಂದಕ್ಕೆ ರಾತ್ರಿ ಕಾವಲಿಗೆ ಹೋಗುವ ವೃದ್ಧನಿಗೆ ಅದು ಅಂದಿನ ಕೂಲಿ. ಬೆಲೆ ಕಡಿಮೆ ಎಂದು ನಾವು ಅದನ್ನು ಹಗುರವಾಗಿ ಕಾಣುತ್ತೇವೆ. ಆದರೆ ವಸ್ತುವಿನ ಬೆಲೆಯನ್ನು ಅಂಗಡಿಯ ರಸೀದಿಯಿಂದಲ್ಲ, ಅದನ್ನು ಕಳಕೊಂಡವನ ಮನೆಯ ಒಲೆಯಿಂದ ಅಳೆಯಬೇಕು.

ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ತಂದೆಯಿಲ್ಲದ ಒಬ್ಬ ಹುಡುಗನಿದ್ದಾನೆ. ಬೆಳಿಗ್ಗೆ ಪತ್ರಿಕೆ ಹಾಕಿ ಕಾಲೇಜಿಗೆ ಹೋಗುತ್ತಾನೆ. ಅವನ ಸೈಕಲಿನ ಬೆಲೆ 4,200 ರೂಪಾಯಿ. ಒಂದು ದಿನ ಫಜ್ರ್ ನಮಾಝಿಗೆ ಇಕಾಮತ್ ಆಗುತ್ತಿದ್ದಾಗ ಅವನು ಮಸೀದಿಯ ಹೊರಗೆ ಸೈಕಲಿಗೆ ಸರಪಳಿ ಸುತ್ತುತ್ತಿದ್ದ. ನಾನು ಅವಸರಿಸಿದೆ. "ಅಲ್ಲಾಹನ ಮನೆಯ ಮುಂದಿನಿಂದ ಯಾರು ಒಯ್ಯುತ್ತಾರೆ? ಬಾ ಮಗನೇ, ರಕಅತ್ ತಪ್ಪುತ್ತದೆ" ಎಂದೆ. ಅವನು ಸರಪಳಿಯನ್ನು ಹಾಗೆಯೇ ಬಿಟ್ಟು ಒಳಗೆ ಬಂದ. ನಮಾಝ್ ಮುಗಿಸಿ ಹೊರಬಂದಾಗ ಸರಪಳಿ ನೆಲದ ಮೇಲಿತ್ತು, ಸೈಕಲು ಇರಲಿಲ್ಲ.

ಅವನು ನನ್ನನ್ನು ದೂರಲಿಲ್ಲ. "ಪರವಾಗಿಲ್ಲ ಚಾಚಾ, ಅಲ್ಲಾಹನ ಇಚ್ಛೆ" ಎಂದಷ್ಟೇ ಹೇಳಿದ. ಆ ಮಾತು ನನ್ನನ್ನು ಇರಿಯಿತು. ಎಲ್ಲವೂ ಅಲ್ಲಾಹನ ಇಚ್ಛೆಯಂತೆಯೇ ನಡೆಯುತ್ತದೆ, ನಿಜ. ಆದರೆ ನನ್ನ ಅಜಾಗ್ರತೆಯನ್ನು ಆತನ ಇಚ್ಛೆಯ ಲೆಕ್ಕಕ್ಕೆ ಬರೆದು ಕೈ ತೊಳೆದುಕೊಳ್ಳುವ ಹಕ್ಕು ನನಗಿದೆಯೇ?

ಒಂಟೆಯ ಪಾಠ

ಅನಸ್(ರ)ರಿಂದ ವರದಿಯಾದ, ತಿರ್ಮಿದಿಯಲ್ಲಿರುವ ಹದೀಸ್ ನಮಗೆಲ್ಲ ಪರಿಚಿತ. ಒಂಟೆಯನ್ನು ಕಟ್ಟಿ ಭರವಸೆಯಿಡಬೇಕೋ, ಬಿಟ್ಟು ಭರವಸೆಯಿಡಬೇಕೋ ಎಂದು ಒಬ್ಬರು ವಿಚಾರಿಸಿದಾಗ ಪ್ರವಾದಿವರ್ಯರು(ಸ) ಮೊದಲು ಕಟ್ಟುವಂತೆ, ಅನಂತರ ಭರವಸೆಯಿಡುವಂತೆ ಹೇಳಿದರು. ಭಾಷಣಗಳಲ್ಲಿ ಇದನ್ನು ಎಷ್ಟೋ ಸಲ ಕೇಳಿದ್ದೇವೆ. ಕೇಳಿದವರ ಸಾಲಿನಲ್ಲಿ ನಾನೂ ಇದ್ದೆ. ಆದರೂ ಹಗ್ಗ ಕಟ್ಟುತ್ತಿದ್ದವನ ಕೈಯನ್ನು ತಡೆದವನು ನಾನೇ.

ಮಸೀದಿಯ ಬಳಿ ಕಳ್ಳತನವಾಗದು ಎಂಬ ನಂಬಿಕೆಗೂ ಆಧಾರವಿಲ್ಲ. ಸಫ್ವಾನ್ ಬಿನ್ ಉಮಯ್ಯ(ರ) ಮಸೀದಿಯಲ್ಲಿ ಮಲಗಿದ್ದಾಗಲೇ ಅವರ ಹೊದಿಕೆಯನ್ನು ಕಳ್ಳನು ಒಯ್ದನು. ಅದು ಪ್ರವಾದಿಯವರ(ಸ) ಕಾಲದಲ್ಲಿ ನಡೆದ ಘಟನೆ. ಕಳ್ಳತನದ ವಿಚಾರ ಬಂದಾಗ ಕರ್ಮಶಾಸ್ತ್ರ ಪಂಡಿತರು 'ಹಿರ್ಝ್' ಎಂಬುದನ್ನು, ಅಂದರೆ ವಸ್ತುವನ್ನು ಅದಕ್ಕೆ ತಕ್ಕ ರಕ್ಷಣೆಯಲ್ಲಿ ಇಡಲಾಗಿತ್ತೇ ಎಂಬುದನ್ನು ಚರ್ಚಿಸುತ್ತಾರೆ. ಕದ್ದವನ ಅಪರಾಧ ಕದ್ದವನದೇ. ಆದರೆ ಕಾಪಾಡುವ ಹೊಣೆ ಒಡೆಯನದು.

ಬೀಗ ಹೇಗಿರಬೇಕು?

ನಮ್ಮ ಸಾದಾ ಸೈಕಲುಗಳ ಹಿಂಚಕ್ರಕ್ಕೆ ಒಂದು ಬೀಗವಿರುತ್ತದೆ. ಅದರ ಸರಳು ಕಡ್ಡಿಗಳ ನಡುವೆ ತೂರಿ ಚಕ್ರ ತಿರುಗದಂತೆ ಮಾಡುತ್ತದೆ. ಕದ್ದವನು ಸೈಕಲೇರಿ ಹೋಗದಂತೆ ಅದು ತಡೆಯುತ್ತದೆಯೇ ಹೊರತು ಎತ್ತಿಕೊಂಡು ಹೋಗದಂತೆ ತಡೆಯದು. ಆದ್ದರಿಂದ ಆ ಬೀಗದ ಜೊತೆಗೆ ಸೈಕಲನ್ನು ಅಲುಗದ ಒಂದು ವಸ್ತುವಿಗೆ ಬಂಧಿಸುವುದು ಅಗತ್ಯ.

ನೂರಿನ್ನೂರು ರೂಪಾಯಿಯ ತಂತಿ ಬೀಗ ನೋಡಲು ದಪ್ಪವಾಗಿರುತ್ತದೆ. ಆದರೆ ಆ ದಪ್ಪದಲ್ಲಿ ಬಹುಪಾಲು ಪ್ಲಾಸ್ಟಿಕ್ಕು, ಒಳಗಿರುವುದು ಸಣ್ಣ ತಂತಿಗಳ ಹುರಿ. ತಂತಿ ಕತ್ತರಿಸುವ ಇಕ್ಕಳಕ್ಕೆ ಅದು ಬಹಳ ಹೊತ್ತು ನಿಲ್ಲದು. ಹದಗೊಳಿಸಿದ ಉಕ್ಕಿನ ಸರಪಳಿ ಅಥವಾ 'ಯು' ಆಕಾರದ ಬೀಗ ಹೆಚ್ಚು ಕಾಲ ತಡೆಯುತ್ತದೆ. ಸರಪಳಿ ಗಟ್ಟಿಯಾಗಿದ್ದು ಅದಕ್ಕೆ ಹಾಕಿದ ಬೀಗ ಬಡಕಲಾಗಿದ್ದರೆ ಪ್ರಯೋಜನವಿಲ್ಲ. ಕಳ್ಳನು ದುರ್ಬಲವಾದುದನ್ನೇ ಹುಡುಕುತ್ತಾನೆ. ಅಂಕಿ ತಿರುಗಿಸುವ ಬೀಗದಲ್ಲಿ ಮೂರು ಅಂಕಿಗಳಿದ್ದರೆ ಸಾಧ್ಯವಿರುವ ಜೋಡಣೆಗಳು 1,000 ಮಾತ್ರ, ನಾಲ್ಕಿದ್ದರೆ 10,000. ಬಿಡುವಿರುವ ಕಳ್ಳನಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಹಾಕುವ ಕ್ರಮವೂ ಮುಖ್ಯ. ಮುಂದಿನ ಚಕ್ರಕ್ಕೆ ಮಾತ್ರ ಸರಪಳಿ ಹಾಕಿದರೆ, ನಟ್ಟು ಬಿಚ್ಚಿ ಚಕ್ರವೊಂದನ್ನು ಬಿಟ್ಟು ಉಳಿದುದನ್ನು ಒಯ್ಯುತ್ತಾರೆ. ಸರಪಳಿಯು ಸೈಕಲಿನ ಚೌಕಟ್ಟು, ಹಿಂಚಕ್ರ ಮತ್ತು ನೆಲದಲ್ಲಿ ಹುಗಿದ ಕಂಬಿ, ಈ ಮೂರನ್ನೂ ಸೇರಿಸಬೇಕು. ಕಂಬಿ ಮೋಟಾಗಿದ್ದರೆ ಬೀಗದ ಸಮೇತ ಮೇಲೆತ್ತಿ ಹೊರತೆಗೆಯಬಹುದು; ಆದ್ದರಿಂದ ಎತ್ತರದ ಕಂಬ ಅಥವಾ ಗೋಡೆಗೆ ಕೂಡಿದ ಕಿಟಕಿ ಸರಳು ಉತ್ತಮ. ಸರಪಳಿ ನೆಲಕ್ಕೆ ತಾಗುವಷ್ಟು ಸಡಿಲವಾಗಿರಬಾರದು. ನೆಲದ ಮೇಲಿಟ್ಟು ಸುತ್ತಿಗೆಯಿಂದ ಬಡಿಯುವುದು ಆಗ ಸುಲಭ. ಚಕ್ರ ಮತ್ತು ಸೀಟನ್ನು ಕೈಯಿಂದಲೇ ಬಿಚ್ಚಬಹುದಾದ ಸನ್ನೆ ಇದ್ದರೆ ಅದರ ಬದಲು ನಟ್ಟು ಹಾಕಿಸಿರಿ. ಎರಡು ಬೇರೆ ಬಗೆಯ ಬೀಗಗಳಿದ್ದರೆ ಕಳ್ಳನಿಗೆ ಎರಡು ಬಗೆಯ ಹತ್ಯಾರು ಬೇಕಾಗುತ್ತದೆ. ಮುರಿಯಲಾಗದ ಬೀಗ ಲೋಕದಲ್ಲಿಲ್ಲ. ಕಳ್ಳನಿಗೆ ಸಿಕ್ಕುವ ಸಮಯವನ್ನು ಕಸಿದುಕೊಳ್ಳುವುದಷ್ಟೇ ಬೀಗದ ಕೆಲಸ.

ಗುರುತು ಮತ್ತು ರಸೀದಿ

ಬಹುತೇಕ ಸೈಕಲುಗಳ ಚೌಕಟ್ಟಿನಲ್ಲಿ ಒಂದು ಸಂಖ್ಯೆ ಕೊರೆದಿರುತ್ತದೆ. ಸಾಮಾನ್ಯವಾಗಿ ಎರಡು ಪೆಡಲುಗಳ ನಡುವಿನ ಗುಂಡಗಿನ ಭಾಗದ ಅಡಿಯಲ್ಲಿರುತ್ತದೆ. ಸೈಕಲನ್ನು ತಲೆಕೆಳಗು ಮಾಡಿ, ಎಣ್ಣೆ ಜಿಡ್ಡು ಒರೆಸಿ, ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ. ಮೊಬೈಲಿನಲ್ಲಿ ಚಿತ್ರವನ್ನೂ ತೆಗೆದಿಡಿರಿ. ಜಪಾನಿನಲ್ಲಿ 1994ರಿಂದ ಸೈಕಲನ್ನು ನೋಂದಾಯಿಸುವುದು ಕಡ್ಡಾಯ. ಅಂಥ ವ್ಯವಸ್ಥೆಯಿಲ್ಲದ ಕಡೆ ನಮ್ಮ ಮನೆಯ ಪುಸ್ತಕವೇ ನೋಂದಣಿ ಪುಸ್ತಕವಾಗಬೇಕು. ಸಿಕ್ಕಿದ ಸೈಕಲು ನನ್ನದೆಂದು ಹೇಳುವವನು ಸಾಕ್ಷ್ಯ ತೋರಿಸಬೇಕಲ್ಲವೇ? ನಮ್ಮ ಹುಡುಗನ ಬಳಿ ರಸೀದಿಯೂ ಇರಲಿಲ್ಲ, ಸಂಖ್ಯೆಯೂ ಇರಲಿಲ್ಲ. ಅಂಗಡಿಯವನು ಹಳೆಯ ಪುಸ್ತಕ ಹುಡುಕಿ ರಸೀದಿಯ ನಕಲು ಕೊಟ್ಟದ್ದು ಅವನ ಸೌಜನ್ಯ.

ಠಾಣೆಯ ಮುಂದೆ ಒಂದು ಪರೀಕ್ಷೆ

ಠಾಣೆಗೆ ಹೊರಟಾಗ ಪರಿಚಯಸ್ಥರೊಬ್ಬರು ಸಲಹೆ ಕೊಟ್ಟರು: "ಬೆಲೆ ಆರು ಸಾವಿರ ಎಂದು ಬರೆಯಿರಿ. ಇಲ್ಲದಿದ್ದರೆ ಯಾರೂ ಗಮನಿಸುವುದಿಲ್ಲ." ಈ ಸಲಹೆಯ ಹಿಂದೆ ಕಾನೂನಿನ ಒಂದು ಅಂಶವಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಂತೆ ಕಳ್ಳತನಕ್ಕೆ ಮೂರು ವರ್ಷಗಳ ತನಕ ಸೆರೆವಾಸ ವಿಧಿಸಬಹುದು. ಆದರೆ ಕಳವಾದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಬಾರಿಗೆ ತಪ್ಪಿತಸ್ಥನಾದವನು ವಸ್ತುವನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ ಅವನಿಗೆ ಸಮುದಾಯ ಸೇವೆಯ ಶಿಕ್ಷೆ. ಇಂಥ ಸಣ್ಣ ಕಳವನ್ನು ಪೊಲೀಸರು ನೇರವಾಗಿ ತನಿಖೆ ಮಾಡಲಾಗದ ಅಸಂಜ್ಞೇಯ ಅಪರಾಧಗಳ ಪಟ್ಟಿಯಲ್ಲಿ ಇಡಲಾಗಿದೆ. ಠಾಣೆಯಲ್ಲಿ ಮಾಹಿತಿಯನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ತನಿಖೆಗೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ವಾಸದ ಮನೆಯ ಒಳಗಿಂದ ಕದ್ದರೆ ಮಾತ್ರ ಬೇರೆ ಮಾತು. ಆಗ 305ನೇ ಕಲಮು ಅನ್ವಯಿಸುತ್ತದೆ, ಶಿಕ್ಷೆ ಏಳು ವರ್ಷಗಳ ತನಕ. ರಾತ್ರಿ ಸೈಕಲನ್ನು ಬೀದಿಯಲ್ಲಿ ಬಿಡದೆ ಮನೆಯೊಳಗೆ ತರುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಬೆಲೆಯನ್ನು ಏರಿಸಿ ಬರೆಯಬಹುದೇ? ಹುಡುಗ ನನ್ನ ಮುಖ ನೋಡಿದ. ಒಮ್ಮೆ ತಪ್ಪು ದಾರಿ ತೋರಿಸಿದವನು ನಾನು. "ರಸೀದಿಯಲ್ಲಿ ಎಷ್ಟಿದೆಯೋ ಅಷ್ಟೇ ಬರಿ" ಎಂದೆ. ಕದ್ದವನು ನಮ್ಮ ಸೈಕಲನ್ನು ಒಯ್ದ. ಸುಳ್ಳು ಬರೆದರೆ ನಮ್ಮ ಸಾಕ್ಷ್ಯದ ಬೆಲೆಯನ್ನು ನಾವೇ ಕಳಕೊಳ್ಳುತ್ತೇವೆ. ಅದಕ್ಕಿಂತ ದೊಡ್ಡ ಕಳವು ಯಾವುದು? ಹಾಗೆಯೇ ಕಳವಾದುದನ್ನು 'ಕಳೆದುಹೋಗಿದೆ' ಎಂದು ಬರೆಯುವುದೂ ಸರಿಯಲ್ಲ. ದೂರಿನ ಸ್ವೀಕೃತಿ ಪಡೆದು ನಾವು ಹಿಂದಿರುಗಿದೆವು. ಸೈಕಲು ಸಿಗಲಿಲ್ಲ.

ವಿಮೆಯ ಮಾತು

ಸೈಕಲಿಗೆ ವಿಮೆ ಮಾಡಿಸಬಾರದೇ ಎಂದು ಕೆಲವರು ಕೇಳುತ್ತಾರೆ. ಮೋಟಾರು ವಾಹನಗಳಿಗಿರುವ ಕಡ್ಡಾಯ ವಿಮೆ ತುಳಿಯುವ ಸೈಕಲಿಗೆ ಇಲ್ಲ. ವಿಮಾ ಕಂಪೆನಿಗಳ ಗೃಹ ವಿಮೆಯ ಕೆಲವು ಯೋಜನೆಗಳಲ್ಲಿ ಸೈಕಲಿಗೆಂದೇ ಒಂದು ವಿಭಾಗವಿರುತ್ತದೆ. ಆದರೆ 2021ರ ಏಪ್ರಿಲ್‌ನಲ್ಲಿ ಬಂದ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಪಾಲಿಸಿಯಲ್ಲಿ ಬೆಂಕಿ, ನೆರೆ ಮುಂತಾದ ವಿಪತ್ತಿನ ಪರಿಣಾಮವಾಗಿ ಏಳು ದಿನಗಳೊಳಗೆ ನಡೆದ ಕಳವಿಗೆ ಮಾತ್ರ ಪರಿಹಾರ. ಸಾಧಾರಣ ಕಳವು ಅದರಲ್ಲಿ ಸೇರಿಲ್ಲ. ಆದ್ದರಿಂದ ಸಹಿ ಹಾಕುವ ಮುನ್ನ ಕೇಳಿರಿ: ಮನೆಯ ಹೊರಗೆ ಕಳವಾದರೆ ಸಿಗುತ್ತದೆಯೇ? ಬೀಗ ಹಾಕಿರಲೇಬೇಕೆಂಬ ಷರತ್ತಿದೆಯೇ? ಹೊಸ ಬೆಲೆಯೋ, ಸವಕಳಿ ಕಳೆದ ಬೆಲೆಯೋ? ಪ್ರತಿ ಕ್ಲೇಮಿನಲ್ಲಿ ನಾವೇ ಭರಿಸಬೇಕಾದ ಮೊತ್ತವೆಷ್ಟು? ನಾಲ್ಕು ಸಾವಿರದ ಸೈಕಲಿನಲ್ಲಿ ಸವಕಳಿ ಮತ್ತು ಆ ಮೊತ್ತ ಕಳೆದರೆ ಕೈಗೆ ಬರುವುದು ಅಲ್ಪ. ಕಡಿಮೆ ಬೆಲೆಯ ಸೈಕಲಿಗೆ ಒಳ್ಳೆಯ ಬೀಗವೇ ಮೊದಲ ವಿಮೆ.

ಇನ್ನು ಬಡ್ಡಿ ಮತ್ತು ಅನಿಶ್ಚಿತತೆಯ ಕಾರಣದಿಂದ ಸಾಮಾನ್ಯ ವಿಮೆಯನ್ನು ಅನೇಕ ವಿದ್ವಾಂಸರು ಒಪ್ಪುವುದಿಲ್ಲ. ಅಗತ್ಯದ ಸಂದರ್ಭದಲ್ಲಿ ಅನುಮತಿಸಿದವರೂ ಇದ್ದಾರೆ. ಪರಸ್ಪರ ನೆರವಿನ 'ತಕಾಫುಲ್' ವ್ಯವಸ್ಥೆ 1979ರಲ್ಲಿ ಸುಡಾನಿನಲ್ಲಿ ಆರಂಭವಾಯಿತು. ಮಲೇಷ್ಯಾ 1984ರಲ್ಲಿ ಅದಕ್ಕೆ ಕಾನೂನನ್ನೇ ಮಾಡಿತು. ಅದರ ತಿರುಳನ್ನು ಒಂದು ಬೀದಿಯಲ್ಲೂ ಆಚರಿಸಬಹುದು. ನಲ್ವತ್ತು ಮಂದಿ ತಿಂಗಳಿಗೆ ಇಪ್ಪತ್ತು ರೂಪಾಯಿಯಂತೆ ದಾನವೆಂಬ ಭಾವನೆಯಿಂದ ಕೊಟ್ಟರೆ ವರ್ಷಕ್ಕೆ 9,600 ರೂಪಾಯಿಯಾಗುತ್ತದೆ. 4,200ರ ಎರಡು ಸೈಕಲು ಕೊಡಿಸಿದರೂ 1,200 ಉಳಿಯುತ್ತದೆ. ಲೆಕ್ಕ ಎಲ್ಲರಿಗೂ ಕಾಣುವಂತಿರಬೇಕು, ಅಷ್ಟೆ. ನೆರೆಯವನು ಯಾವ ಧರ್ಮದವನಾದರೂ ಅವನನ್ನು ಇದರಿಂದ ಹೊರಗಿಡಬಾರದು.

ಅಗ್ಗದ ಸೈಕಲು

ಎರಡು ವಾರಗಳ ನಂತರ ಯಾರೋ ಹುಡುಗನಿಗೆ ಒಂದು ಸೈಕಲು ತೋರಿಸಿದರು. ಬೆಲೆ ಎಂಟುನೂರು ರೂಪಾಯಿ. ರಸೀದಿ ಇಲ್ಲ, ಚೌಕಟ್ಟಿನ ಸಂಖ್ಯೆಯನ್ನು ಉಜ್ಜಿ ಅಳಿಸಲಾಗಿತ್ತು. ನಡೆದು ನಡೆದು ದಣಿದಿದ್ದ ಅವನಿಗೆ ಅದು ಸಣ್ಣ ಆಮಿಷವಲ್ಲ. ಅವನು ಕೊಳ್ಳಲಿಲ್ಲ. "ಇದರ ಹಿಂದೆಯೂ ನನ್ನಂಥ ಒಬ್ಬ ನಡೆಯುತ್ತಿರಬಹುದು ಚಾಚಾ" ಎಂದ.

ಕದ್ದ ಮಾಲೆಂದು ತಿಳಿದು ಅಥವಾ ಹಾಗೆ ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ಪಡೆಯುವುದು ನ್ಯಾಯ ಸಂಹಿತೆಯ 317ನೇ ಕಲಮಿನಂತೆ ಅಪರಾಧ. ಮೂರು ವರ್ಷಗಳ ತನಕ ಶಿಕ್ಷೆಯಾಗಬಹುದು. ಧರ್ಮದ ದೃಷ್ಟಿಯಲ್ಲಿ ಅದು ಪಾಪದಲ್ಲಿ ಪಾಲುದಾರಿಕೆ. ಕೊಳ್ಳುವವರಿಲ್ಲದಿದ್ದರೆ ಕದಿಯುವವನು ಯಾರಿಗಾಗಿ ಕದಿಯುತ್ತಾನೆ? ನಮ್ಮ ಬೀದಿಯ ಸೈಕಲುಗಳಿಗೆ ಇದಕ್ಕಿಂತ ಗಟ್ಟಿಯಾದ ಬೀಗ ಬೇರೊಂದಿಲ್ಲ.

ಹೊಸ ಸೈಕಲಿನ ಅರ್ಧ ಹಣವನ್ನು ನನ್ನ ತಪ್ಪಿನ ಬಾಬ್ತು ನಾನು ಕೊಟ್ಟೆ. ಉಳಿದರ್ಧವನ್ನು ಅವನು ಬಡ್ಡಿಯಿಲ್ಲದ ಸಾಲವೆಂದು ಪಡೆದು ತಿಂಗಳು ತಿಂಗಳು ತೀರಿಸುತ್ತಿದ್ದಾನೆ. ಮಸೀದಿಯ ಹೊರಗೋಡೆಗೆ ಒಂದು ಉದ್ದನೆಯ ಕಬ್ಬಿಣದ ಕಂಬಿಯನ್ನು ಕೂಡಿಸಲಾಗಿದೆ. ಇಕಾಮತ್ ಆಗುತ್ತಿರುವಾಗ ಯಾರಾದರೂ ಬೀಗ ಹಾಕುತ್ತಿದ್ದರೆ ನಾನು ಈಗ ಅವಸರಿಸುವುದಿಲ್ಲ. ಪಕ್ಕದಲ್ಲಿ ನಿಂತು ಸೈಕಲು ಹಿಡಿದುಕೊಳ್ಳುತ್ತೇನೆ; ಬೀಗ ಬಿದ್ದ ಮೇಲೆ ಇಬ್ಬರೂ ಕೂಡಿ ಒಳಗೆ ಹೋಗುತ್ತೇವೆ.