ತಂಗಳು ಮತ್ತು ಪ್ರಸಾದ

ಉಳಿದ ಆಹಾರವನ್ನು ಸೂಚಿಸಲು ಕನ್ನಡದಲ್ಲಿ ತಂಗಳು, ಹಳಸಲು, ಎಂಜಲು ಎಂಬ ಮೂರು ಪದಗಳು ನಿತ್ಯವ್ಯವಹಾರದಲ್ಲಿವೆ. ಅಭ್ಯಾಸಬಲದಿಂದ ಇವನ್ನು ಒಂದೇ ಅರ್ಥದಲ್ಲಿ ಬಳಸುವವರೂ ಉಂಟು. ಆದರೆ ಇವುಗಳ ಅರ್ಥಭೇದವನ್ನು ಬಲ್ಲವರು, ದಿನದ ಕಾಯಕ ಮುಗಿಸಿ ದಣಿದು ಬಂದ ಸಂಜೆಯಲ್ಲಿಯೂ, ಯಾವುದನ್ನು ಒಲೆಗೇರಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಕ್ಷಣದಲ್ಲಿ ನಿರ್ಣಯಿಸಬಲ್ಲರು.

‘ತಂಗಳು’ ಪದದ ಪೂರ್ವರೂಪ ‘ತಂಗೂಳ್’. ‘ತಣ್’ ಎಂದರೆ ತಂಪಾದುದು. ‘ಕೂಳ್’ ಎಂದರೆ ಅನ್ನ. ಉತ್ತರಪದದ ಮೊದಲ ಕಕಾರಕ್ಕೆ ಗಕಾರವು ಆದೇಶವಾಗಿದೆ. ಮಲೆನಾಡಿನ ‘ತಂಬುಳಿ’ಯೂ ಇಂಥದೇ: ತಣ್ + ಪುಳಿ, ಇಲ್ಲಿ ಪಕಾರಕ್ಕೆ ಬಕಾರ. ಆದುದರಿಂದ ತಂಗಳೆಂದರೆ ತಣ್ಣಗಾದ ಅನ್ನವೇ ಹೊರತು ಕೆಟ್ಟ ಅನ್ನವಲ್ಲ. ಕೆಟ್ಟುದು ಹಳಸಲು, ಉಂಡು ಎಲೆಯಲ್ಲಿ ಬಿಟ್ಟುದು ಎಂಜಲು.

ಶರಣಧರ್ಮದ ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಅಗುಳನ್ನೂ ಬಿಡದೆ ಉಂಡು, ತಟ್ಟೆಯನ್ನು ತೊಳೆದ ನೀರನ್ನೂ ಕುಡಿಯುವ ಪದ್ಧತಿ ಹಲವು ಮನೆತನಗಳಲ್ಲಿ ನಡೆದುಬಂದಿದೆ. ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಪ್ರಸಾದವನ್ನು ಚೆಲ್ಲಬಾರದೆಂದು ಹಳಸಿದ್ದನ್ನೂ ಉಣ್ಣಬೇಕೇ? ಇದಕ್ಕೆ ಉತ್ತರ ಆಯ್ದಕ್ಕಿ ಲಕ್ಕಮ್ಮನ ಕಥೆಯಲ್ಲಿದೆ. ಪತಿ ಮಾರಯ್ಯನು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆಕೆ ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಪ್ರಸಾದದ ಗೌರವವು ಅಳತೆಯಿಂದ ಆರಂಭವಾಗುತ್ತದೆ. ಹಳಸಿದ ಮೇಲೆ ತೋರುವ ಗೌರವ ದೇಹಕ್ಕೆ ಅಪಾಯಕರ.

ಅಳತೆ ಮೀರದಿದ್ದರೂ ಒಮ್ಮೊಮ್ಮೆ ಉಳಿಯುವುದುಂಟು. ಅಂತಹ ಸಂಜೆಗೆ ಉತ್ತರ ಕರ್ನಾಟಕದ ಅಡುಗೆಮನೆಯು ಒಳ್ಳೆಯ ಪಾಠಶಾಲೆ. ಅಲ್ಲಿಯ ಖಡಕ್ ರೊಟ್ಟಿಯಲ್ಲಿ ನೀರಿನಂಶ ಆರಿಹೋಗಿರುವುದರಿಂದ ಅದು ಬಹುದಿನ ಕೆಡದು. ಅದನ್ನು ಮುರಿದು, ನೀರು ಚಿಮುಕಿಸಿ ಮೆತ್ತಗಾಗಿಸಿ, ಸಾಸಿವೆ, ಈರುಳ್ಳಿ, ಹಸಿಮೆಣಸಿನಕಾಯಿಗಳ ಒಗ್ಗರಣೆಯಲ್ಲಿ ಕಲಸಿದರೆ ಊಟ ಸಿದ್ಧ. ರೊಟ್ಟಿಯನ್ನು ಹಾಗೆಯೇ ಉಣ್ಣುವುದಾದರೆ ಝುಣಕವಿದೆ: ಬೆಳ್ಳುಳ್ಳಿಯ ಒಗ್ಗರಣೆಗೆ ನೀರು ಹಾಕಿ ಕುದಿಸಿ, ಕಡಲೆಹಿಟ್ಟನ್ನು ಗಂಟಾಗದಂತೆ ತಿರುವಿ ಬೇಯಿಸುವುದು. ಅದಕ್ಕೂ ವೇಳೆಯಿಲ್ಲದಿದ್ದರೆ ಶೇಂಗಾ, ಗುರೆಳ್ಳು, ಅಗಸೆಗಳ ಚಟ್ನಿಪುಡಿ, ಮೊಸರು ಸಾಕು. ಜೋಳದಲ್ಲಿ ಕೊರತೆಯಾಗುವ ಲೈಸಿನ್ ಎಂಬ ಪೋಷಕಾಂಶವನ್ನು ಕಡಲೆಯಂತಹ ಬೇಳೆಗಳು ತುಂಬುತ್ತವೆಂದು ಆಹಾರವಿಜ್ಞಾನ ಹೇಳುತ್ತದೆ. ರೊಟ್ಟಿಗೆ ಝುಣಕವನ್ನು ಜೊತೆಗೂಡಿಸಿದ ಹಿರಿಯರ ರೂಢಿ ಇದಕ್ಕೆ ಸಮ್ಮತವಾಗಿದೆ.

ಚೆನ್ನಾಗಿರುವ ಬೆಂದ ಬೇಳೆ ಉಳಿದಿದ್ದರೆ ಹುಣಸೆಯ ರಸ, ಸಾರಿನ ಪುಡಿ ಸೇರಿಸಿ ಚೆನ್ನಾಗಿ ಕುದಿಸಿ ಸಾರು ಮಾಡಬಹುದು. ಅದೂ ಇಲ್ಲದಲ್ಲಿ ಮೆಂತ್ಯ, ಜೀರಿಗೆಗಳನ್ನು ತುಪ್ಪದಲ್ಲಿ ಹುರಿದು, ತೆಂಗಿನತುರಿಯೊಡನೆ ಅರೆದು, ಮಜ್ಜಿಗೆಯಲ್ಲಿ ಕದಡಿದರೆ ತಂಬುಳಿಯಾಗುತ್ತದೆ, ಕುದಿಸುವ ಶ್ರಮವಿಲ್ಲ.

ಆದರೆ ಅನ್ನದ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಅಕ್ಕಿಯಲ್ಲಿರಬಹುದಾದ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಾಣುಗಳು ಬೇಯಿಸಿದರೂ ಉಳಿಯಬಲ್ಲವು. ಮಧ್ಯಾಹ್ನದ ಅನ್ನವನ್ನು ಉಗುರುಬೆಚ್ಚಗೆ ಪಾತ್ರೆಯಲ್ಲಿಯೇ ಬಿಟ್ಟರೆ ಅವು ಮೊಳೆತು ಬೆಳೆಯುತ್ತವೆ. ಅವು ಉಂಟುಮಾಡುವ, ವಾಂತಿ ತರಿಸುವ ವಿಷವು ಮರಳಿ ಬಿಸಿಮಾಡಿದರೂ ನಾಶವಾಗದು. ಬಣ್ಣ, ವಾಸನೆಗಳಲ್ಲಿ ವ್ಯತ್ಯಾಸ ಕಾಣದೆಯೂ ಅಪಾಯವಿರಬಹುದು. ಆದ್ದರಿಂದ ಉಳಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಒಂದೆರಡು ಗಂಟೆಯೊಳಗೆ ಶೀತಪೆಟ್ಟಿಗೆಯಲ್ಲಿರಿಸಬೇಕು. ಮರುದಿನದೊಳಗೆ ಹಬೆಯಾಡುವಷ್ಟು ಬಿಸಿಮಾಡಿ ಬಳಸಬೇಕು. ಆ ಸೌಕರ್ಯವಿಲ್ಲದ ಮನೆಯಲ್ಲಿ ಅನ್ನವನ್ನು ಹೊತ್ತಿಗೆ ತಕ್ಕಷ್ಟೇ ಬೇಯಿಸಿ, ಇರುಳಿಗೆ ಒಣರೊಟ್ಟಿ, ಅವಲಕ್ಕಿಗಳನ್ನು ನಂಬುವುದು ಲೇಸು. ಒಗ್ಗರಣೆಯು ತಂಗಳಿಗೆ ರುಚಿ ಕೊಡಬಲ್ಲುದು, ಹಳಸಲನ್ನು ಶುದ್ಧಗೊಳಿಸಲಾರದು.

ಮಕ್ಕಳಿಗೆ ಆದೇಶಸಂಧಿಯನ್ನು ಕಲಿಸುವಾಗ ಅಧ್ಯಾಪಕರು ‘ತಂಗೂಳ್’ ಪದವನ್ನೂ ಬಿಡಿಸಿ ತೋರಿಸಬಹುದು. ವ್ಯಾಕರಣದ ಒಂದು ಸೂತ್ರದೊಡನೆ ಅನ್ನದ ಬೆಲೆಯೂ ಆರೋಗ್ಯದ ಎಚ್ಚರವೂ ಮಕ್ಕಳಿಗೆ ತಿಳಿದರೆ, ಆ ಪಾಠವು ತರಗತಿಯಿಂದ ಮನೆಯ ಒಲೆಯವರೆಗೆ ನಡೆದೀತು. ದಾಸೋಹದ ನೆರಳಿನಲ್ಲಿ ಬೆಳೆಯುವ ವಿದ್ಯಾಲಯಕ್ಕೆ ಇದು ಉಚಿತವಾದ ಪಾಠ.