ಎಲ್‌ಕೆಜಿ ಮಗುವಿಗೆ ಕೊಟ್ಟ ಹನ್ನೆರಡು ವರ್ಷದ ಮಾತು

2026ರ ಜೂನ್‌ನಲ್ಲಿ ನಿಮ್ಮ ಶಾಲೆಯ ಎಲ್‌ಕೆಜಿಗೆ ಸೇರಿದ ಮಗು ಎಸ್‌ಎಸ್‌ಎಲ್‌ಸಿ ಬರೆಯುವುದು 2038ರಲ್ಲಿ. ಗೇಟಿನ ಹತ್ತಿರ ಅಮ್ಮನ ಸೆರಗು ಬಿಡದೆ ಅಳುತ್ತ ನಿಂತ ಆ ಮಗುವಿಗೆ ದಾಖಲಾತಿಯ ದಿನವೇ ನಾವು ಹನ್ನೆರಡು ವರ್ಷದ ಮಾತು ಕೊಟ್ಟಾಗಿದೆ. ಆಡಳಿತ ಮಂಡಳಿಗೆ ಹೊಸದಾಗಿ ಬಂದವರು "ದೀರ್ಘಾವಧಿ ಯೋಜನೆ ಅಂದರೆ ಏನು ಟೀಚರ್?" ಎಂದು ಕೇಳಿದಾಗಲೆಲ್ಲ ನಾನು ಈ ಮಗುವಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ಸದಸ್ಯತ್ವ ಮೂರು ವರ್ಷಕ್ಕೆ ಮುಗಿಯಬಹುದು. ಸಂಚಾಲಕರಾದ ಫಾದರ್‌ಗೆ ಅಷ್ಟರಲ್ಲೇ ಬೇರೆ ಚರ್ಚಿಗೆ ವರ್ಗವಾಗಬಹುದು. ಮಗು ಮಾತ್ರ ಅಲ್ಲೇ ಇರುತ್ತದೆ. ಯೋಜನೆ ಎಷ್ಟು ಉದ್ದ ಇರಬೇಕು ಎನ್ನುವುದನ್ನು ಅದರಿಂದಲೇ ಅಳೆಯಬೇಕು.

ಹೊಸಬರು ಮೊದಲು ಕೇಳುವುದು ಕಟ್ಟಡದ ಬಗ್ಗೆ. ಅದನ್ನು ಸ್ವಲ್ಪ ತಡೆದು, ಈ ಶಾಲೆ ಯಾರಿಗಾಗಿ ಇದೆ ಎಂಬುದನ್ನು ಅರ್ಧ ಪುಟದಲ್ಲಿ ಬರೆಯಿರಿ ಎನ್ನುತ್ತೇನೆ. ನಮ್ಮ ಕರಾವಳಿಯಲ್ಲಿ ಈ ಪ್ರಶ್ನೆ ಹಳೆಯದು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಜೆಸ್ವಿಟರು ಸಂತ ಅಲೋಶಿಯಸ್ ಸಂಸ್ಥೆ ಶುರು ಮಾಡಿದ್ದು 1880ರಲ್ಲಿ. ಆ ಕಾಲದಿಂದಲೂ ಇಂಥ ಶಾಲೆಗಳ ಬೆಂಚುಗಳಲ್ಲಿ ಎಲ್ಲ ಜಾತಿ ಮತದ ಮಕ್ಕಳೂ ಕೂತಿದ್ದಾರೆ. ನಾನು ಪಾಠ ಮಾಡಿದ ತರಗತಿಗಳಲ್ಲಿ ಕ್ರೈಸ್ತ ಮಕ್ಕಳು ಯಾವತ್ತೂ ಅರ್ಧ ದಾಟಿರಲಿಲ್ಲ. ಹಾಗಿದ್ದಮೇಲೆ "ಕ್ರೈಸ್ತ ಶಾಲೆ" ಎಂದು ಬೋರ್ಡಿನಲ್ಲಿ ಬರೆಯುವುದರ ಅರ್ಥವೇನು? ಬೆಳಗಿನ ಪ್ರಾರ್ಥನೆಯೊಂದೇ ಉತ್ತರವಾದರೆ ಅದು ಸಾಲದು. ಫೀಸು ಕಟ್ಟಲಾಗದವರ ಮಗುವಿಗೆ ಎಷ್ಟು ಸೀಟು, ಓದಿನಲ್ಲಿ ಹಿಂದುಳಿದವನನ್ನು ಒಂಬತ್ತನೇ ತರಗತಿಯಲ್ಲಿ ಟಿಸಿ ಕೊಟ್ಟು ಕಳಿಸುತ್ತೇವೋ ಉಳಿಸಿಕೊಳ್ಳುತ್ತೇವೋ, ಬಸ್ ಡ್ರೈವರಿಗೆ ನ್ಯಾಯವಾದ ಸಂಬಳ ಕೊಡುತ್ತೇವೋ ಇಲ್ಲವೋ, ಇವೆಲ್ಲ ಆ ಅರ್ಧ ಪುಟದಲ್ಲಿ ಇರಬೇಕು. ಮುಂದೆ ದುಡ್ಡಿಗೆ ತೊಂದರೆಯಾದ ವರ್ಷ ಮೊದಲು ಕತ್ತರಿ ಬೀಳುವುದು ಇಂಥವಕ್ಕೇ. ಬರೆದಿಟ್ಟಿದ್ದರೆ ಕತ್ತರಿಸುವ ಮುಂಚೆ ಒಮ್ಮೆಯಾದರೂ ಓದುತ್ತಾರೆ.

ಕಾನೂನಿನ ಮಾತು ಚಿಕ್ಕದಾಗಿ ಹೇಳುತ್ತೇನೆ. ಸಂವಿಧಾನದ 30(1)ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಸರ್ಕಾರದ ಮಾನ್ಯತೆ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎನ್ನುತ್ತದೆ 28(3). ಅದಕ್ಕೇ ಕ್ರೈಸ್ತ ಮಕ್ಕಳು ದೊತೊರ್ನಿಗೆ, ಅಂದರೆ ಧರ್ಮೋಪದೇಶದ ತರಗತಿಗೆ, ಹೋದ ಹೊತ್ತಿನಲ್ಲಿ ಉಳಿದವರಿಗೆ ಮೌಲ್ಯ ಶಿಕ್ಷಣದ ತರಗತಿ ನಡೆಯುವುದು. ಬಡ ಮಕ್ಕಳಿಗೆ ಸೀಟು ಇಡಬೇಕೆನ್ನುವ ಶಿಕ್ಷಣ ಹಕ್ಕು ಕಾಯ್ದೆಯಿಂದ ಅಲ್ಪಸಂಖ್ಯಾತ ಶಾಲೆಗಳನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಹೊರಗಿಟ್ಟಿತು. 2025ರಲ್ಲಿ ಅದೇ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪು ಸರಿಯೇ ಎಂದು ಸಂಶಯ ಎತ್ತಿ, ದೊಡ್ಡ ಪೀಠ ನೋಡಲಿ ಎಂದಿತು. ಹನ್ನೆರಡು ವರ್ಷದ ಯೋಜನೆ ಮಾಡುವವರು ಇವತ್ತಿನ ವಿನಾಯಿತಿ ಕೊನೆತನಕ ಇರುತ್ತದೆ ಎಂದು ಲೆಕ್ಕ ಹಾಕಬಾರದು. ಬಡ ಮಕ್ಕಳಿಗೆ ನಾವಾಗಿಯೇ ಸೀಟು ಇಟ್ಟ ಶಾಲೆಗೆ, ತೀರ್ಪು ಯಾವ ಕಡೆ ಬಂದರೂ ಅಷ್ಟು ಗಾಬರಿಯಾಗದು.

ಇನ್ನು ಮಕ್ಕಳ ಲೆಕ್ಕ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಅಂದರೆ ಒಂದನೇ ತರಗತಿಗೆ ಬರುವವರ ಸಾಲು ಮೋಟಾಗುತ್ತ ಹೋಗುತ್ತದೆ. ಇದನ್ನು ತಿಳಿಯಲು ಹೊರಗಿನ ತಜ್ಞರು ಬೇಕಿಲ್ಲ. ದಾಖಲಾತಿ ರಿಜಿಸ್ಟರಿನ ಹತ್ತು ವರ್ಷದ ಪುಟಗಳನ್ನು ತೆರೆದು, ಒಂದು ಉದ್ದ ಹಾಳೆಯಲ್ಲಿ ವರ್ಷವನ್ನು ಅಡ್ಡಕ್ಕೂ ತರಗತಿಯನ್ನು ಕೆಳಕ್ಕೂ ಬರೆದು ಸಂಖ್ಯೆ ತುಂಬಿ. ಆಮೇಲೆ ಬೆರಳನ್ನು ಓರೆಯಾಗಿ ಇಳಿಸಿ: ಒಂದನೇ ತರಗತಿಯಲ್ಲಿದ್ದ 64 ಮಕ್ಕಳು ಮರುವರ್ಷ ಎರಡರಲ್ಲಿ ಎಷ್ಟಾದರು, ಐದರಲ್ಲಿ ಎಷ್ಟು, ಎಂಟರಲ್ಲಿ ಎಷ್ಟು. ಐದರಿಂದ ಆರಕ್ಕೆ ಹೋಗುವಾಗ ಪ್ರತಿವರ್ಷ ಹತ್ತು ಮಕ್ಕಳು ಕಳಚಿಕೊಳ್ಳುತ್ತಿದ್ದರೆ ಆ ಮನೆಗಳಿಗೆ ಹೋಗಿ ಕೇಳಬೇಕು. ಬಸ್ಸಿನ ದಾರಿಯೋ, ಇಂಗ್ಲಿಷೋ, ಗಣಿತದ ಟೀಚರೋ, ಕಾರಣ ಆಗ ಸಿಗುತ್ತದೆ. ಮುಂದೆ ಬರುವವರ ಸುಳಿವು ಊರ ಅಂಗನವಾಡಿಯಲ್ಲೂ ಚರ್ಚಿನ ಜ್ಞಾನಸ್ನಾನದ ಪುಸ್ತಕದಲ್ಲೂ ಇದೆ. ಈ ವರ್ಷ ಅದರಲ್ಲಿ ಹನ್ನೊಂದೇ ಹೆಸರು ಬಂದಿದ್ದರೆ, ನಾಲ್ಕು ವರ್ಷದ ಆಮೇಲೆ ಚರ್ಚಿನ ಕಡೆಯಿಂದ ಎಲ್‌ಕೆಜಿಗೆ ಹೆಚ್ಚೆಂದರೆ ಹನ್ನೊಂದು.

ದುಡ್ಡಿನ ವಿಷಯದಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳದೆ ಮುಂದೆ ಹೋಗಲಾರೆ. ನಾನು ಸದಸ್ಯಳಾಗಿದ್ದ ಒಂದು ಮಂಡಳಿ ಸಾಲ ಮಾಡಿ ಮೂರು ಮಹಡಿಯ ಕಟ್ಟಡ ಎಬ್ಬಿಸಿತು. ಅದೇ ವರ್ಷ, 28 ವರ್ಷ ದುಡಿದ ಒಬ್ಬ ಟೀಚರ್ ನಿವೃತ್ತರಾದರು. ಸನ್ಮಾನ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮರುವಾರ ಅವರು ಆಫೀಸಿಗೆ ಬಂದು, ಮಡಚಿದ ಅರ್ಜಿಯನ್ನು ಮೇಜಿನ ಮೇಲಿಟ್ಟು, "ನನ್ನ ಗ್ರ್ಯಾಚುಟಿ ಯಾವಾಗ ಸಿಗುತ್ತದೆ?" ಎಂದರು. ಅವರ ಕೊನೆಯ ವೇತನ ತಿಂಗಳಿಗೆ 26,000 ರೂಪಾಯಿ. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಒಂದು ವರ್ಷದ ಸೇವೆಗೆ 15,000. 28 ವರ್ಷಕ್ಕೆ 4,20,000. ಶಾಲೆಯ ಖಾತೆಯಲ್ಲಿ ಒಂದು ಲಕ್ಷವೂ ಇರಲಿಲ್ಲ. ಕಂತು ಕಂತಾಗಿ ಕೊಡುತ್ತೇವೆ ಎಂದೆವು. ಆಕೆ ತಲೆ ಅಲ್ಲಾಡಿಸಿ ಹೋದರು. ಆ ಮುಖ ನನಗೆ ಮರೆತಿಲ್ಲ, ಯಾಕೆಂದರೆ ಸಾಲದ ಕಾಗದಕ್ಕೆ ನಾನೂ ಕೈ ಎತ್ತಿದ್ದೆ.

ಶಿಕ್ಷಕರೂ ಗ್ರ್ಯಾಚುಟಿಗೆ ಅರ್ಹರು ಎಂದು 2009ರ ತಿದ್ದುಪಡಿ ಹೇಳಿತು. ಖಾಸಗಿ ಶಾಲೆಗಳು ಕೋರ್ಟಿಗೆ ಹೋದರೂ 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಪ್ರತಿ ತಿಂಗಳ ಸಂಬಳದಲ್ಲಿ ನೂರಕ್ಕೆ ಸುಮಾರು ಐದರಷ್ಟನ್ನು ಬೇರೆ ಖಾತೆಗೆ ಹಾಕುತ್ತ ಬಂದಿದ್ದರೆ ಆ ದಿನ ಆ ಮೇಜಿನ ಮುಂದೆ ನಾವು ತಲೆ ತಗ್ಗಿಸಬೇಕಾಗಿರಲಿಲ್ಲ. ಸಂಬಳ ಏರುತ್ತ ಹೋಗುವುದರಿಂದ ಇನ್ನೂ ಸ್ವಲ್ಪ ಹೆಚ್ಚಿಗೆ ಇಟ್ಟರೆ ಒಳ್ಳೆಯದು. ಬಸ್ಸು, ಮಾಡು, ಶೌಚಾಲಯ, ನೀರಿನ ಟ್ಯಾಂಕಿಗೂ ಇದೇ ಲೆಕ್ಕ. ಎಷ್ಟು ವರ್ಷ ಬಾಳುತ್ತದೆ, ಹೊಸದಕ್ಕೆ ಎಷ್ಟು ಬೇಕು, ವರ್ಷಕ್ಕೆ ಎಷ್ಟು ಎತ್ತಿಡಬೇಕು.

ಹೊರಗಿನ ದೇಣಿಗೆಯ ಮೇಲೆ ನಿತ್ಯದ ಖರ್ಚು ನಿಲ್ಲಿಸಬೇಡಿ. 1914ರಲ್ಲಿ ಮಹಾಯುದ್ಧ ಶುರುವಾದಾಗ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟಿತು. ಮಿಷನ್ ಕಟ್ಟಿದ ಹೆಂಚಿನ ಕಾರ್ಖಾನೆಗಳು ಬೇರೆಯವರ ಕೈಗೆ ಹೋದವು. ಈಗ ವಿದೇಶಿ ದೇಣಿಗೆಗೆ ಕಾನೂನಿನ ಕಟ್ಟುಪಾಡು ಬಿಗಿಯಾಗಿದೆ. ಅಂಥ ಹಣ ಬಂದರೆ ಪ್ರಯೋಗಾಲಯಕ್ಕೋ ಗ್ರಂಥಾಲಯಕ್ಕೋ ಹಾಕಿ. ಸಂಬಳ ಊರಿನ ದುಡ್ಡಿನಿಂದಲೇ ಹುಟ್ಟಬೇಕು.

ಕಡೆಯದು ಜನರ ವಿಷಯ. ನಾನು ಕೆಲಸಕ್ಕೆ ಸೇರಿದಾಗ ಶಾಲೆಯಲ್ಲಿ ಆರು ಮಂದಿ ಸಿಸ್ಟರ್‌ಗಳಿದ್ದರು, ನಿವೃತ್ತಳಾಗುವಾಗ ಒಬ್ಬರು. ಮುಖ್ಯೋಪಾಧ್ಯಾಯಿನಿಯನ್ನು ಕಾನ್ವೆಂಟಿನಿಂದ ಕಳಿಸುತ್ತಾರೆ ಎಂದು ಕಾಯುವ ಕಾಲ ಮುಗಿಯುತ್ತ ಬಂತು. ಈಗ ಇರುವ ಶಿಕ್ಷಕರಲ್ಲೇ ಇಬ್ಬರನ್ನು ಗುರುತಿಸಿ, ವೇಳಾಪಟ್ಟಿ ಮಾಡುವುದು, ಬಿಇಒ ಕಚೇರಿಯ ಪತ್ರವ್ಯವಹಾರ, ಸಿಟ್ಟಾಗಿ ಬಂದ ಪೋಷಕರನ್ನು ಕೂರಿಸಿ ಮಾತಾಡುವುದು, ಇವನ್ನು ಈಗಿನಿಂದಲೇ ಕಲಿಸಿ. ಈ ಶಾಲೆಯ ಕ್ರೈಸ್ತ ಗುಣ ಏನೆಂದು ಆ ಇಬ್ಬರಿಗೂ ಗೊತ್ತಿರಬೇಕು, ಅವರು ಯಾವ ಧರ್ಮದವರೇ ಆಗಿರಲಿ.

ಯೋಜನೆ ಹತ್ತು ಪುಟ ಮೀರದಿರಲಿ. ಫಾದರ್ ಬದಲಾದ ದಿನ ಬೀಗದ ಕೈಗೊಂಚಲಿನ ಜೊತೆಗೆ ಅದನ್ನೂ ಕೈಗೆ ಕೊಟ್ಟು ಸಹಿ ಪಡೆಯಿರಿ. ಪ್ರತಿ ಜನವರಿಯಲ್ಲಿ, ಮುಂದಿನ ವರ್ಷದ ಫೀಸು ನಿಗದಿಯಾಗುವ ಮುಂಚೆ, ಒಂದಿಡೀ ಶನಿವಾರ ಕೂತು ಓದಿ ತಿದ್ದಿ. ನಿಮ್ಮ ಮೊದಲ ಸಭೆಗೆ ಬರುವಾಗ ಒಂದು ಉದ್ದ ಹಾಳೆ, ಪೆನ್ಸಿಲು, ರಬ್ಬರು ತನ್ನಿ. ದಾಖಲಾತಿ ರಿಜಿಸ್ಟರನ್ನು ಗುಮಾಸ್ತರ ಹತ್ತಿರ ಹೇಳಿ ನಾನು ತೆಗೆಸಿಡುತ್ತೇನೆ.