ಮಧುಮೇಹದ ಪರಿಭಾಷೆ

ಮನೆಯ ಹಿರಿಯರು ರಕ್ತಪರೀಕ್ಷೆಯ ಚೀಟಿಯನ್ನು ತಂದು, “ಇದರಲ್ಲೇನು ಬರೆದಿದೆ, ನೋಡಿ ಹೇಳು” ಎಂದು ಕಾಲೇಜಿಗೆ ಹೋಗುವ ಮಗನ ಅಥವಾ ಮಗಳ ಕೈಗೆ ಕೊಡುವುದುಂಟು. ಅಂಕಿಗಳನ್ನು ಓದುವುದು ಸುಲಭ. ಅವುಗಳ ಪಕ್ಕದ ಪದಗಳನ್ನು ಅರ್ಥಮಾಡಿಕೊಳ್ಳುವುದು ಅಷ್ಟು ಸುಲಭವಲ್ಲ. ಆದರೆ ಈ ಪದಗಳ ಅರಿವಿನಿಂದ ಕೆಲವೊಮ್ಮೆ ಒಂದು ಜೀವವೇ ಉಳಿಯಬಹುದು. ಅದು ಹೇಗೆಂಬುದನ್ನು ವಿಚಾರಮಾಡೋಣ.

ಮೊದಲು ರೋಗದ ಹೆಸರನ್ನೇ ತೆಗೆದುಕೊಳ್ಳೋಣ. ‘ಡಯಾಬಿಟೀಸ್’ ಎಂಬುದು ಗ್ರೀಕ್ ಮೂಲದ ಪದ. ‘ಹಾದುಹೋಗುವುದು’ ಎಂದು ಅದರ ಅರ್ಥ. ರೋಗಿ ಕುಡಿದ ನೀರೆಲ್ಲವೂ ದೇಹದಲ್ಲಿ ನಿಲ್ಲದೆ ಮೂತ್ರವಾಗಿ ಹರಿದುಹೋಗುವಂತೆ ಕಂಡುದರಿಂದ ಈ ಹೆಸರು ಬಂದಿತು. ಅದರೊಡನೆ ಸೇರಿಸುವ ‘ಮೆಲ್ಲಿಟಸ್’ ಎಂಬ ಲ್ಯಾಟಿನ್ ಪದಕ್ಕೆ ಜೇನಿನಂತೆ ಸಿಹಿಯಾದುದು ಎಂದರ್ಥ. ನಮ್ಮ ಪ್ರಾಚೀನ ವೈದ್ಯರು ಬಳಸಿದ ‘ಮಧುಮೇಹ’ವೆಂಬ ಹೆಸರೂ ಇದೇ ಲಕ್ಷಣವನ್ನು ಸೂಚಿಸುತ್ತದೆ. ೧೭೭೬ರಲ್ಲಿ ಇಂಗ್ಲೆಂಡಿನ ವೈದ್ಯ ಮ್ಯಾಥ್ಯೂ ಡಾಬ್ಸನ್ನನು ರೋಗಿಯ ಮೂತ್ರವನ್ನು ಆವಿಗೊಳಿಸಿ, ಉಳಿದ ವಸ್ತುವು ಸಕ್ಕರೆಯೆಂದು ತೋರಿಸಿಕೊಟ್ಟನು.

ಹೆಸರಿನಲ್ಲಿ ಮೂತ್ರವಿದ್ದರೂ ರೋಗದ ಮೂಲವು ಅಲ್ಲಿಲ್ಲ. ನಾವು ತಿಂದ ಅನ್ನ, ಮುದ್ದೆ, ರೊಟ್ಟಿಗಳಲ್ಲಿರುವ ಪಿಷ್ಟವು ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಅದನ್ನು ಸ್ನಾಯು ಮೊದಲಾದ ಅಂಗಾಂಶಗಳು ಹೀರಿಕೊಳ್ಳುವುದಕ್ಕೆ ಇನ್ಸುಲಿನ್ ಬೇಕು. ಮೇದೋಜೀರಕ ಗ್ರಂಥಿಯಲ್ಲಿ ದ್ವೀಪಗಳಂತೆ ಚದುರಿರುವ ಜೀವಕೋಶಗಳ ಗುಂಪುಗಳಲ್ಲಿ ಇದು ಉತ್ಪತ್ತಿಯಾಗುತ್ತದೆ. ಲ್ಯಾಟಿನ್ನಿನಲ್ಲಿ ‘ಇನ್ಸುಲ’ ಎಂದರೆ ದ್ವೀಪವೇ. ಈ ಕೋಶಗಳು ನಾಶವಾಗಿ ಇನ್ಸುಲಿನ್ ಇಲ್ಲದಂತಾಗುವುದು ‘ಒಂದನೆಯ ಬಗೆ’ಯ ಮಧುಮೇಹ. ಇನ್ಸುಲಿನ್ ಇದ್ದರೂ ಅಂಗಾಂಶಗಳು ಅದಕ್ಕೆ ಸರಿಯಾಗಿ ಓಗೊಡದಿರುವುದು ‘ಇನ್ಸುಲಿನ್ ಪ್ರತಿರೋಧ’. ಇದರೊಡನೆ ಗ್ರಂಥಿಯ ಶಕ್ತಿಯೂ ಕುಂದಿದಾಗ ‘ಎರಡನೆಯ ಬಗೆ’ಯದು ತಲೆದೋರುತ್ತದೆ. ಹೆಚ್ಚು ಜನರಲ್ಲಿ ಕಾಣುವುದು ಇದೇ.

ಇನ್ನು ಚೀಟಿಯನ್ನು ನೋಡೋಣ. ಒಂದು ಡೆಸಿಲೀಟರ್, ಅಂದರೆ ೧೦೦ ಮಿಲಿಲೀಟರ್ ರಕ್ತದಲ್ಲಿ ಎಷ್ಟು ಮಿಲಿಗ್ರಾಂ ಗ್ಲೂಕೋಸ್ ಇದೆಯೆಂದು ಅಂಕಿಗಳು ತಿಳಿಸುತ್ತವೆ. ಅಂಕಿ ೧೦೦ ಆದರೆ, ಸುಮಾರು ೫ ಲೀಟರ್ ರಕ್ತದಲ್ಲಿರುವ ಗ್ಲೂಕೋಸ್ ೫ ಗ್ರಾಂ, ಹೆಚ್ಚು ಕಡಮೆ ಒಂದು ಟೀ ಚಮಚ ಮಾತ್ರ! ‘ಫಾಸ್ಟಿಂಗ್’ ಎಂದರೆ ಕನಿಷ್ಠ ೮ ಗಂಟೆ ಉಪವಾಸವಿದ್ದು ಮಾಡಿಸಿದ ಪರೀಕ್ಷೆ. ಇದು ೧೦೦ಕ್ಕಿಂತ ಕಡಮೆಯಿದ್ದರೆ ಸಹಜ. ೧೦೦ರಿಂದ ೧೨೫ರವರೆಗೆ ‘ಪ್ರೀಡಯಾಬಿಟೀಸ್’, ಅಂದರೆ ಮಧುಮೇಹದ ಹೊಸ್ತಿಲು. ೧೨೬ ಅಥವಾ ಹೆಚ್ಚಿದ್ದು, ಮರುಪರೀಕ್ಷೆಯಲ್ಲಿಯೂ ಹಾಗೆಯೇ ಕಂಡರೆ ಮಧುಮೇಹ. ‘ಪಿ.ಪಿ.’ ಎಂಬುದು ಊಟವಾದ ಎರಡು ಗಂಟೆಗಳ ಅನಂತರದ ಅಳತೆ. ರಕ್ತದ ಸಕ್ಕರೆಯು ಸಾಮಾನ್ಯವಾಗಿ ೧೮೦ನ್ನು ಮೀರಿದ ಮೇಲೆಯೇ ಮೂತ್ರದಲ್ಲಿ ಕಾಣಿಸಿಕೊಳ್ಳುವುದರಿಂದ, ಮೂತ್ರದಲ್ಲಿ ಸಕ್ಕರೆಯಿಲ್ಲವೆಂದು ನಿಶ್ಚಿಂತರಾಗುವಂತಿಲ್ಲ.

ಪರೀಕ್ಷೆಗೆ ಎರಡು ದಿನ ಮುಂಚೆ ಸಿಹಿಯನ್ನು ಬಿಟ್ಟು ವೈದ್ಯರ ಮೆಚ್ಚುಗೆ ಪಡೆಯಲೆಳಸುವವರಿದ್ದಾರೆ. ‘ಎಚ್‌ಬಿಎ೧ಸಿ’ಯ ಮುಂದೆ ಈ ಉಪಾಯ ಸಾಗದು. ಕೆಂಪು ರಕ್ತಕಣದ ಆಯುಸ್ಸು ಸುಮಾರು ೧೨೦ ದಿನ. ಆ ಕಾಲದಲ್ಲಿ ಗ್ಲೂಕೋಸು ಕಣದೊಳಗಿನ ಹೀಮೊಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಹೀಗೆ ಅಂಟಿದ ಅಂಶವು ಶೇಕಡ ಎಷ್ಟೆಂಬುದರಿಂದ ಹಿಂದಿನ ಎರಡು ಮೂರು ತಿಂಗಳ ಸರಾಸರಿ ತಿಳಿಯುತ್ತದೆ. ಶೇಕಡ ೬.೫ ಅಥವಾ ಹೆಚ್ಚಾದರೆ ಮಧುಮೇಹದ ಸೂಚನೆ. ರಕ್ತಹೀನತೆಯುಳ್ಳವರಲ್ಲಿ ಮಾತ್ರ ಈ ಅಂಕಿ ದಾರಿತಪ್ಪಿಸಬಹುದು.

ಕೊನೆಯದಾಗಿ, ಕಿವಿಗೆ ಒಂದೇ ತೆರನಾಗಿ ಕೇಳಿಸುವ ಎರಡು ಪದಗಳು. ‘ಹೈಪರ್’ ಎಂದರೆ ಹೆಚ್ಚು, ‘ಹೈಪೊ’ ಎಂದರೆ ಕಡಮೆ. ರಕ್ತದ ಸಕ್ಕರೆ ಏರಿದರೆ ‘ಹೈಪರ್‌ಗ್ಲೈಸೀಮಿಯ’. ೭೦ಕ್ಕಿಂತ ಕೆಳಗಿಳಿದರೆ ‘ಹೈಪೊಗ್ಲೈಸೀಮಿಯ’. ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳನ್ನು ತೆಗೆದುಕೊಂಡು ಊಟ ತಪ್ಪಿಸಿದವರಲ್ಲಿ ಎರಡನೆಯದು ಬೇಗನೆ ಉಂಟಾಗಬಹುದು. ಬೆವರು, ನಡುಕ, ಎದೆಬಡಿತ, ತೊದಲು ಮಾತು ಇದರ ಲಕ್ಷಣಗಳು. ಆಗ “ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಕೊಡಬಾರದು” ಎಂದು ಕೈಕಟ್ಟಿ ಕುಳಿತರೆ ಪ್ರಾಣಕ್ಕೇ ಅಪಾಯ. ಎಚ್ಚರವಿರುವವರಿಗೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ೧೫ ನಿಮಿಷಗಳಲ್ಲಿ ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

ರೋಗದ ನಿರ್ಣಯ, ಔಷಧದ ಪ್ರಮಾಣ ವೈದ್ಯರಿಗೆ ಸೇರಿದ ವಿಷಯಗಳು. ಆದರೆ ಮನೆಯಲ್ಲಿ ಹಿರಿಯರೊಬ್ಬರು ಬೆವತು ನಡುಗುತ್ತಿರುವಾಗ ಹತ್ತಿರವಿರುವವರು ನಾವು. ಆ ಹೊತ್ತಿನಲ್ಲಿ ಹೈಪೊ ಯಾವುದು, ಹೈಪರ್ ಯಾವುದು ಎಂಬುದು ನಮಗೆ ನೆನಪಿರಬೇಕು.